ಜೋಳಿಗೆ, ಸಂಘ ಮತ್ತು ಮಂಗಳವಾರದ ಚೀಟಿ

ಇಳಕಲ್ಲಿನ ಚಿತ್ತರಗಿ ಪೀಠದ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಓಣಿಗೆ ಇಳಿದರೆ ಕಾಳುಕಡಿ ಕೇಳುತ್ತಿರಲಿಲ್ಲ, ಕಾಸೂ ಕೇಳುತ್ತಿರಲಿಲ್ಲ. ಚಟ ಬೇಡುತ್ತಿದ್ದರು. ಬೀಡಿ ಕಟ್ಟು, ತಂಬಾಕು, ಗುಟ್ಕಾ ಜೋಳಿಗೆಗೆ ಬೀಳುತ್ತಿದ್ದವು. ಕುಡಿಯುವವರು ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಡುತ್ತಿದ್ದರು. 1975ರಲ್ಲಿ ಶುರುವಾದ ಈ ‘ಮಹಾಂತ ಜೋಳಿಗೆ’ಯನ್ನು ಉತ್ತರ ಕರ್ನಾಟಕದ ಹಿರಿಯರು ಇವತ್ತಿಗೂ ನೆನೆಯುತ್ತಾರೆ. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ನನಗೆ ಹಿಡಿಸಿದ್ದು ಆ ಬೇಡುವ ಬಗೆ. ಕುಡುಕನಿಗೆ ಊರೆಲ್ಲ ಬೈದಿರುತ್ತದೆ, ಅವ್ವ ಅತ್ತಿರುತ್ತಾಳೆ, ಮಾವಂದಿರು ಹೊಡೆದೂ ಇರುತ್ತಾರೆ. ಅಂಥವನ ಹೊಸ್ತಿಲಲ್ಲಿ ಕಾವಿಯುಟ್ಟವರು ಕೈಯೊಡ್ಡಿ ನಿಂತರೆ, ಆ ಗಳಿಗೆಯಲ್ಲಿ ಅವನೇ ದಾನಿ. ಆದರೆ ಜೋಳಿಗೆಗೆ ಹಾಕಲು ತನ್ನದೆಂಬ ಚಟವೇ ಇಲ್ಲದ ಅವನ ಹೆಂಡತಿ ಎಲ್ಲಿಗೆ ಹೋಗಬೇಕು? ರಾಯಚೂರು ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಕಟ್ಟಿಕೊಂಡವರು ಹೆಣ್ಣುಮಕ್ಕಳೇ.

ಅವರ ದುಡಿಮೆಯೆಂದರೆ ಮಾನ್ವಿ ಕಡೆ ಭತ್ತದ ನಾಟಿ, ದೇವದುರ್ಗದ ಕಡೆ ಹತ್ತಿ ಬಿಡಿಸುವುದು. ಕೂಲಿ ಸೊಂಟದ ಸಂಚಿಗೆ ಸೇರುತ್ತದೆ. ಸಂಚಿ ಗಂಡನಿಗೆ ಗೊತ್ತಿರುವ ಜಾಗ, ಹಾಗಾಗಿ ರೊಕ್ಕ ಜೋಳದ ಡಬ್ಬಿಗೆ ಹೋಗುತ್ತದೆ. ಅದೂ ಗೊತ್ತಾದ ಮೇಲೆ ಪಕ್ಕದ ಮನೆಯಾಕೆಯ ಕೈಗೆ. ಬೆಳಿಗ್ಗೆ ಅವನು ಏಳದಿದ್ದರೆ ಕೆಲಸಕ್ಕೆ ಕರೆಯಲು ಬಂದವರಿಗೆ ‘ಜ್ವರ ಬಂದೈತ್ರಿ’ ಎಂಬ ಉತ್ತರ. ಅಂಗಡಿಯ ಉದ್ರಿ ತೀರಿಸುವುದು, ಮಕ್ಕಳಿಗೆ ‘ಅಪ್ಪಗ ಮಾತಾಡಿಸಬ್ಯಾಡ್ರಿ’ ಎಂದು ಪಿಸುಗುಡುವುದು, ತವರಿಗೆ ಏನೂ ಹೇಳದಿರುವುದು ಎಲ್ಲವೂ ಮನೆಯ ಮಾನ ಉಳಿಸುವ ಲೆಕ್ಕದಲ್ಲೇ ನಡೆಯುತ್ತವೆ. ಅವನ ಕುಡಿತಕ್ಕೆ ಅಡ್ಡಿಯಾಗದಂತೆ ದಾರಿ ಗುಡಿಸಿಕೊಡುವುದೂ ಇವೇ.

1999ರಲ್ಲಿ ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ ದಲಿತ ಕೂಲಿ ಹೆಣ್ಣುಮಕ್ಕಳು ಜಾಗೃತ ಮಹಿಳಾ ಸಂಘಟನೆ ಕಟ್ಟಿದರು. ಬೇವಿನ ಗೊಬ್ಬರ, ಸುಟ್ಟ ಮಣ್ಣಿನ ಸರ-ಓಲೆ, ಮಕ್ಕಳಿಗೆ ‘ಚಿಲಿಪಿಲಿ’ ಶಾಲೆ ಹೀಗೆ ಅವರ ಕೆಲಸ ಹಲವು. ಸಂಘಕ್ಕೆ ಬಂದಾಕೆ ಮೊದಲು ತಿಳಿಯುವುದು, ಪಕ್ಕದಾಕೆಯ ಮನೆಯಲ್ಲೂ ಅದೇ ‘ಜ್ವರ’ ಎಂದು.

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಪಾಕೀಟು ಹೋಯಿತು, ಅಗ್ಗದ ವಿಸ್ಕಿ ಕಿರಾಣಿ ಅಂಗಡಿಯ ಮೂಲೆಗೆ ಬಂತು. ರಾಯಚೂರಿನಲ್ಲಿ ಸಿ.ಎಚ್. (ಕ್ಲೋರಲ್ ಹೈಡ್ರೇಟ್) ಪೌಡರ್ ಕಲಸಿದ ಸೇಂದಿಯ ಕಾಟ ಬೇರೆ. ಕೊನೆಗೆ 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದರು. ಅವರಲ್ಲಿ ರಾಯಚೂರಿನವರು ಬಹಳ. ಜಿಲ್ಲೆಯ ಒಬ್ಬಾಕೆ ದಾರಿಯಲ್ಲೇ ಬೈಕ್ ಬಡಿದು ತೀರಿಕೊಂಡರು. ನಿಷೇಧ ಬರಲಿಲ್ಲ. ಬಂದಿದ್ದರೂ ಮನೆಯೊಳಗಿನ ಕಾಯಿಲೆ ಅಷ್ಟರಿಂದಲೇ ವಾಸಿಯಾಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಆದರೆ ಮುಚ್ಚಿಟ್ಟ ಮಾತನ್ನು ಹೆದ್ದಾರಿಗೆ ತಂದದ್ದು ಸಣ್ಣ ಸಂಗತಿಯಲ್ಲ.

ಕಾಯಿಲೆ ಎಂದದ್ದು ಸುಮ್ಮನೆ ಅಲ್ಲ. ವರ್ಷಗಟ್ಟಲೆ ದಿನವೂ ಕುಡಿದವನನ್ನು ದೇವರ ಮುಂದೆ ಆಣೆ ಮಾಡಿಸಿ, ಕೋಣೆಗೆ ಹಾಕಿ ಒಮ್ಮೆಲೇ ಬಿಡಿಸಿದರೆ ಎರಡು-ಮೂರು ದಿನದಲ್ಲಿ ಕೈಕಾಲು ನಡುಗಿ, ಇಲ್ಲದ್ದು ಕಂಡು, ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಪೌಡರ್ ಸೇಂದಿ ಬಿಟ್ಟವರ ಪಾಡೂ ಇದೇ. ಇನ್ನು ‘ಕುಡಿಯುವವರಿಗೆ ತಿಳಿಯದಂತೆ’ ಚಹಾದಲ್ಲಿ ಬೆರೆಸುವ ಔಷಧಿಯ ಜಾಹೀರಾತುಗಳು ಗೋಡೆ ಗೋಡೆಯ ಮೇಲಿವೆ. ಡೈಸಲ್ಫಿರಾಮ್‌ನಂಥ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಬಿ.ಪಿ. ಕುಸಿದು ಪ್ರಾಣ ಹೋದೀತು. ಅವನಿಗೆ ಹೇಳದೆ, ವೈದ್ಯರಿಲ್ಲದೆ ಅದನ್ನು ಕೊಡಲೇಬಾರದು.

ವೈದ್ಯರು ತೀರಾ ದೂರದಲ್ಲೂ ಇಲ್ಲ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ‘ಮನೋಚೈತನ್ಯ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ಗಂಡ ಬರಲೊಲ್ಲೆ ಎಂದರೂ ಹೆಂಡತಿ ತನ್ನ ಹೆಸರಿನಲ್ಲೇ ಚೀಟಿ ಮಾಡಿಸಬಹುದು. ನಿದ್ದೆಯಿಲ್ಲದ್ದು, ಎದೆ ಹೊಡೆದುಕೊಳ್ಳುವುದು ಅವಳ ಕಾಯಿಲೆಯೇ ತಾನೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಮಾಡಬಹುದು. ಗಂಡ ಕೈ ಎತ್ತಿದರೆ 181 ಅಥವಾ 112ಕ್ಕೆ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟವರಿಗೆ ಮುಂದೆ ನವಜೀವನ ಸಮಿತಿಯ ಆಸರೆಯಿದೆ. ನೂರು ದಿನ ದಾಟಿದರೆ ಶತದಿನೋತ್ಸವ. ಆ ನೂರು ದಿನ ಮನೆ ನಡೆಸಿದವಳಿಗೂ ಒಂದು ಹಾರ ಇರಲಿ ಎಂದು ನನ್ನ ಆಸೆ. ಅಮೆರಿಕದಲ್ಲಿ ಕುಡಿತ ಬಿಟ್ಟವರ ಹೆಂಡಂದಿರು 1951ರಲ್ಲಿ ತಮಗೆಂದೇ ‘ಅಲ್-ಅನಾನ್’ ಕಟ್ಟಿಕೊಂಡರು. ಅವನ ಕುಡಿತಕ್ಕೆ ನೀನು ಕಾರಣಳಲ್ಲ, ಅದನ್ನು ವಾಸಿ ಮಾಡುವುದೂ ನಿನ್ನ ಕೈಯಲ್ಲಿಲ್ಲ ಎಂಬುದು ಅಲ್ಲಿಯ ಮೊದಲ ಪಾಠ. ನಮ್ಮಲ್ಲಿ ಹೊಸ ಸಂಸ್ಥೆ ಬೇಕೆಂದೇನಿಲ್ಲ. ದೇವದುರ್ಗವಿರಲಿ, ಮಾನ್ವಿಯಿರಲಿ, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಹೇಗೂ ಸೇರುತ್ತಾರೆ. ಅಲ್ಲಿ ಈ ನೋವು ಹೇಳಿಕೊಳ್ಳಲೆಂದು ಅರ್ಧ ತಾಸು ಸಿಕ್ಕರೆ ಸಾಕಿತ್ತು. ಆದರೆ ಸಾಲದ ಕಂತು ಎಣಿಸುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ, ಎಲ್ಲರಿಗೂ ರೊಟ್ಟಿ ಬಡಿಯುವ ಅವಸರ.