ಮಂದ್ರ ಸ್ವರದ ಭಾರ ಹೊರುವವರು

ಗಣೇಶೋತ್ಸವದ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ನಡೆಯುವಾಗ ಜನರ ಕಣ್ಣೆಲ್ಲ ಹಾಡುವವರ ಮೇಲೆ. ಡ್ರಮ್ಸ್ ಪಕ್ಕದಲ್ಲಿ ಉದ್ದನೆಯ, ನಾಲ್ಕೇ ತಂತಿಯ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ನಿಂತವರ ಕಡೆ ಗಮನ ಹೋಗುವುದು ಕಡಿಮೆ. ಆದರೆ ಅವರು ಎರಡು ಸಾಲು ನುಡಿಸದೆ ಬಿಟ್ಟರೆ ಸಾಕು, ಬುಡ ಕಡಿದ ಮರದಂತೆ ಹಾಡು ವಾಲುತ್ತದೆ. ಏನು ತಪ್ಪಿತೆಂದು ಹೇಳಲು ಬರದವರಿಗೂ ಏನೋ ತಪ್ಪಿದೆ ಎಂದು ಗೊತ್ತಾಗುತ್ತದೆ.

ಬೇಸ್ ಗಿಟಾರ್ ನುಡಿಸುವವರಿಗೆ ಎರಡು ಕೆಲಸ. ಡ್ರಮ್ಸ್‌ನವರು ಕಾಲಿನಿಂದ ಹೊಡೆಯುವ ಕಿಕ್ ಡ್ರಮ್ಮಿನ ಪೆಟ್ಟಿನ ಜೊತೆಗೇ ಸ್ವರ ಬೀಳಬೇಕು. ಹಾಗೆಯೇ ಗಿಟಾರ್, ಕೀಬೋರ್ಡುಗಳು ಹಿಡಿದಿರುವ ಕಾರ್ಡಿನ ಮೂಲ ಸ್ವರವನ್ನು ಕೆಳಸ್ಥಾಯಿಯಲ್ಲಿ ಒದಗಿಸಬೇಕು. ತಾಳವನ್ನೂ ಸ್ವರವನ್ನೂ ಬೆಸೆಯುವವರು ಅವರೇ.

ಈ ವಾದ್ಯಕ್ಕೆ ವಯಸ್ಸು ಹೆಚ್ಚಿಲ್ಲ. ಅದು ಬರುವ ಮುಂಚೆ ಅಮೆರಿಕದ ಡಾನ್ಸ್ ಬ್ಯಾಂಡುಗಳಲ್ಲಿ ಮಂದ್ರ ಸ್ವರ ಬರುತ್ತಿದ್ದುದು ಆಳೆತ್ತರದ ಡಬಲ್ ಬೇಸ್‌ನಿಂದ. ಅದನ್ನು ಊರಿಂದೂರಿಗೆ ಸಾಗಿಸುವುದೇ ಒಂದು ಪಾಡಾಗಿತ್ತು. ಟ್ರಂಪೆಟ್, ಡ್ರಮ್ಮುಗಳ ಅಬ್ಬರದಲ್ಲಿ ಅದರ ದನಿ ಮುಳುಗಿಹೋಗುತ್ತಿತ್ತು. 1930ರ ದಶಕದಲ್ಲಿ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ವಿದ್ಯುತ್ ಬೇಸ್ ಗಿಟಾರೊಂದನ್ನು ಮಾಡಿದರು, ಆದರೆ ಅದು ಜನರ ಕೈಗೆ ಹೆಚ್ಚಾಗಿ ತಲುಪಲಿಲ್ಲ. ರೇಡಿಯೊ ರಿಪೇರಿ ಅಂಗಡಿಯಿಂದ ಬದುಕು ಕಟ್ಟಿಕೊಂಡಿದ್ದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದರು. ಅಡ್ಡ ಹಿಡಿದು ನುಡಿಸಬಹುದಾದ, ಫ್ರೆಟ್ಟುಗಳಿರುವ, ಶ್ರುತಿ ತಪ್ಪದ ವಾದ್ಯ ಅದು. ತಂತಿಯ ಉದ್ದಕ್ಕೆ ಅವರು ಆರಿಸಿಕೊಂಡ 34 ಇಂಚಿನ ಅಳತೆಯೇ ಇವತ್ತಿಗೂ ರೂಢಿಯಲ್ಲಿದೆ. 1960ರಲ್ಲಿ ಅವರದೇ ಜಾಝ್ ಬೇಸ್ ಬಂತು. ಇಂದು ಅಂಗಡಿಯಲ್ಲಿ ತೂಗುಹಾಕಿರುವ ಬಹುಪಾಲು ಬೇಸ್‌ಗಳು, ಯಾವ ಕಂಪನಿಯವೇ ಆಗಲಿ, ಈ ಎರಡರ ವಂಶದವೇ.

ವಾದ್ಯ ಹಗುರವಾಯಿತು, ಭಾರವೆಲ್ಲ ಆಂಪ್ಲಿಫೈಯರಿಗೆ ಹೋಯಿತು. ಅದಕ್ಕೆ ಕಾರಣ ಭೌತಶಾಸ್ತ್ರ. ಬೇಸ್ ಗಿಟಾರಿನ ಅತಿ ದಪ್ಪನೆಯ ತಂತಿ, ಅಂದರೆ ಇ ತಂತಿ, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಸ್ವರದ ಒಂದು ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಅಷ್ಟು ದೊಡ್ಡ ಅಲೆ ಎಬ್ಬಿಸಲು ಸ್ಪೀಕರು ಬಹಳಷ್ಟು ಗಾಳಿಯನ್ನು ತಳ್ಳಬೇಕು. ಸಾಲದ್ದಕ್ಕೆ ಮನುಷ್ಯನ ಕಿವಿಗೆ ಕೆಳಸ್ವರಗಳು ಮೇಲಿನ ಸ್ವರಗಳಷ್ಟು ಚುರುಕಾಗಿ ಕೇಳಿಸುವುದಿಲ್ಲ. ಹೀಗಾಗಿ ವೇದಿಕೆಯ ಮೇಲೆ ಗಿಟಾರಿನವರಿಗೆ 30–50 ವ್ಯಾಟ್ ಸಾಕಾದರೆ, ಡ್ರಮ್ಸ್ ಪಕ್ಕ ನಿಲ್ಲುವ ಬೇಸ್‌ನವರಿಗೆ 200–300 ವ್ಯಾಟ್ ಬೇಕಾಗುತ್ತದೆ. ವ್ಯಾಟ್ ದುಪ್ಪಟ್ಟಾದರೆ ಶಬ್ದ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದುಪ್ಪಟ್ಟು ಜೋರಾಗಿ ಕೇಳಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು.

1969ರಲ್ಲಿ ಆಂಪೆಗ್ ಕಂಪನಿ ತಂದ ಎಸ್‌ವಿಟಿ ಈ ಲೆಕ್ಕಾಚಾರದ ಫಲ. 14 ವಾಲ್ವುಗಳ, 300 ವ್ಯಾಟಿನ ಆ ಆಂಪಿನ ತಲೆಭಾಗವೇ 35 ಕಿಲೋ ದಾಟುತ್ತಿತ್ತು. ಅದಕ್ಕೆ ಜೊತೆಯಾಗಿ ತಲಾ ಎಂಟು ಸ್ಪೀಕರುಗಳ ಬೀರುವಿನಂಥ ಪೆಟ್ಟಿಗೆಗಳು. ರೋಲಿಂಗ್ ಸ್ಟೋನ್ಸ್ ತಂಡ ಅದೇ ವರ್ಷದ ಅಮೆರಿಕ ಪ್ರವಾಸದಲ್ಲಿ ಇವನ್ನು ಬಳಸಿತು. ಈಗ ಕ್ಲಾಸ್ ಡಿ ತಂತ್ರಜ್ಞಾನ ಬಂದು, ಎರಡು ಮೂರು ಕಿಲೋ ತೂಗುವ ಆಂಪು 500 ವ್ಯಾಟ್ ಕೊಡುತ್ತದೆ. ಸ್ಪೀಕರಿನಲ್ಲಿ ನಿಯೋಡಿಮಿಯಮ್ ಅಯಸ್ಕಾಂತ ಬಂದ ಮೇಲೆ ಪೆಟ್ಟಿಗೆಯೂ ಹಗುರಾಗಿದೆ. ಆಫೀಸು ಮುಗಿಸಿ ಮೂರನೇ ಮಹಡಿಯ ಪ್ರಾಕ್ಟೀಸ್ ರೂಮಿಗೆ ಮೆಟ್ಟಿಲು ಹತ್ತುವ ಹವ್ಯಾಸಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಹವ್ಯಾಸಿಗಳ ದಿನಚರಿಯಲ್ಲಿ ನುಡಿಸುವುದರಷ್ಟೇ ಸಮಯವನ್ನು ಸಲಕರಣೆ ನೋಡಿಕೊಳ್ಳುವ ಕೆಲಸ ನುಂಗುತ್ತದೆ. ತಂತಿಯ ವಿಷಯವನ್ನೇ ನೋಡಿ. ಹೊಸ ತಂತಿಗೆ ಕಂಚಿನ ಗಂಟೆಯ ಗುಣವಿರುತ್ತದೆ. ಬೆರಳಿನ ಬೆವರು, ಎಣ್ಣೆ, ಸತ್ತ ಚರ್ಮ ಎಲ್ಲ ತಂತಿಯ ಸುತ್ತಿನ ಸಂದಿಗೆ ಸೇರಿಕೊಂಡ ಮೇಲೆ ದನಿ ಮಂಕಾಗುತ್ತದೆ. ಗಿಟಾರ್ ತಂತಿಗಿಂತ ಬೇಸ್ ತಂತಿ ದುಬಾರಿ. ಹಾಗಾಗಿ ಅನೇಕರು ನಾಲ್ಕೂ ತಂತಿಗಳನ್ನು ಬಿಚ್ಚಿ, ಸುರುಳಿ ಸುತ್ತಿ, ಅಡುಗೆಮನೆಯ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸುತ್ತಾರೆ. ನೀರು ಬಣ್ಣಗೆಡುತ್ತದೆ, ಕೊಳೆ ಬಿಡುತ್ತದೆ. ಬಟ್ಟೆಯಿಂದ ಒರೆಸಿ, ತೇವ ಉಳಿಯದಂತೆ ಒಣಗಿಸಿ ಮತ್ತೆ ಹಾಕಿದರೆ ಕೆಲವು ದಿನ ಹಳೆಯ ಹೊಳಪು ಮರಳುತ್ತದೆ.

ಹಾಗೆಂದು ಹೊಸ ತಂತಿಯ ಹೊಳಪೇ ಎಲ್ಲರಿಗೂ ಬೇಕು ಎಂದೇನಿಲ್ಲ. ಡೆಟ್ರಾಯಿಟ್‌ನ ಮೊಟೌನ್ ಸ್ಟುಡಿಯೊದಲ್ಲಿ 1960ರ ದಶಕದ ಲೆಕ್ಕವಿಲ್ಲದಷ್ಟು ಹಿಟ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್, ನುಣುಪಾದ ಫ್ಲ್ಯಾಟ್‌ವೌಂಡ್ ತಂತಿ ಹಾಕಿಕೊಂಡು, ಅದು ಕಡಿದುಹೋಗುವವರೆಗೆ ಬದಲಿಸುತ್ತಿರಲಿಲ್ಲ. ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದ ಅವರ ಕೈಯಲ್ಲಿದ್ದುದು 1962ರ ಒಂದು ಪ್ರಿಸಿಷನ್ ಬೇಸ್. ಆ ಮಂಕು ದನಿಯೇ ಅವರ ಗುರುತಾಯಿತು. ಆದರೆ ಮೊಟೌನ್ ಆಲ್ಬಮ್ಮುಗಳ ಮೇಲೆ ಸ್ಟುಡಿಯೊ ವಾದಕರ ಹೆಸರು ಅಚ್ಚಾಗುತ್ತಿರಲಿಲ್ಲ. ಜೇಮರ್ಸನ್ ಹೆಸರು ಕಾಣಿಸಿಕೊಂಡಿದ್ದು 1971ರಲ್ಲಿ.

ಮಳೆಗಾಲದ್ದು ಇನ್ನೊಂದು ತಲೆನೋವು. ಮರದ ನೆಕ್ಕು ಗಾಳಿಯ ತೇವ ಹೀರಿದಾಗಲೂ ಒಣಗಿದಾಗಲೂ ಬಾಗು ಬದಲಿಸುತ್ತದೆ. ತಂತಿ ಫ್ರೆಟ್ಟಿಗೆ ತಾಗಿ ಜುಯ್ ಅನ್ನತೊಡಗುತ್ತದೆ, ಇಲ್ಲವೇ ಬೆರಳು ನೋಯುವಷ್ಟು ಮೇಲೇಳುತ್ತದೆ. ಬಲ್ಲವರು ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ, ನಡುವೆ ಏಳೆಂಟನೇ ಫ್ರೆಟ್ಟಿನ ಹತ್ತಿರ ಎಷ್ಟು ಸಂದು ಉಳಿದಿದೆ ಎಂದು ನೋಡುತ್ತಾರೆ. ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಸರಿ. ಇಲ್ಲದಿದ್ದರೆ ನೆಕ್ಕಿನ ಬಾಗು ಸರಿಪಡಿಸಲು ಅದರೊಳಗಿರುವ ಟ್ರಸ್ ರಾಡ್ ಎಂಬ ಸರಳನ್ನು ಅಲೆನ್ ಕೀ ಹಾಕಿ ಒಂದು ಸಲಕ್ಕೆ ಕಾಲು ಸುತ್ತು ತಿರುಗಿಸಬೇಕು, ಅದಕ್ಕಿಂತ ಹೆಚ್ಚಲ್ಲ.

ಬ್ಯಾಟರಿ ಬಳಸುವ ಆಕ್ಟಿವ್ ಬೇಸ್ ಕೊಂಡವರು ಮತ್ತೊಂದು ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ. ಸಾಮಾನ್ಯವಾಗಿ ಇವುಗಳಿಗೆ ಬೇರೆ ಸ್ವಿಚ್ ಇರುವುದಿಲ್ಲ. ಕೇಬಲ್ ಸಿಕ್ಕಿಸಿದ ಕೂಡಲೇ ಆನ್ ಆಗುತ್ತವೆ. ನುಡಿಸಿದ ಮೇಲೆ ಕೇಬಲ್ ಕೀಳಲು ಮರೆತರೆ ಒಳಗಿನ 9 ವೋಲ್ಟಿನ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತ ಹೋಗುತ್ತದೆ, ಕಾರ್ಯಕ್ರಮದ ನಡುವೆ ದನಿ ಕೈಕೊಡುತ್ತದೆ. ಬಾಡಿಗೆ ವೇದಿಕೆಗಳಲ್ಲಿ ಅರ್ಥಿಂಗ್ ಪರೀಕ್ಷೆಯೂ ಮುಖ್ಯ. ಅದು ಸರಿಯಿಲ್ಲದ ಕಡೆ ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದರೆ ಶಾಕ್ ಹೊಡೆಯಬಹುದು.

ಮನೆಯಲ್ಲಿ ಅಭ್ಯಾಸ ಮಾಡುವುದೂ ಸುಲಭವಲ್ಲ. ಹೈ ಪಿಚ್ ದನಿಯನ್ನು ಗೋಡೆ ತಡೆಯುತ್ತದೆ, ಕೆಳಸ್ವರ ಗೋಡೆ ದಾಟಿ ಪಕ್ಕದ ಮನೆಯ ಮಂಚದವರೆಗೂ ಹೋಗುತ್ತದೆ. ಅಪಾರ್ಟ್‌ಮೆಂಟಿನ ಹವ್ಯಾಸಿಗಳು ರಾತ್ರಿ ಹೆಡ್‌ಫೋನ್ ಹಾಕಿಕೊಂಡು, ಮೆಟ್ರೊನೋಮ್ ಜೊತೆ ಒಂದೇ ಸಾಲನ್ನು ನಿಧಾನಗತಿಯಲ್ಲಿ ತಿದ್ದುತ್ತ ಕೂರುವುದು ಇದಕ್ಕೇ. ಇಷ್ಟೆಲ್ಲ ಕಷ್ಟಕ್ಕೆ ಪ್ರತಿಫಲವೂ ಇದೆ. ಗಿಟಾರ್ ನುಡಿಸುವವರು ಬೇಕಾದಷ್ಟು ಸಿಗುತ್ತಾರೆ, ಬೇಸ್ ನುಡಿಸುವವರು ಸಿಗುವುದು ಕಷ್ಟ. ಒಬ್ಬರೇ ಭಾನುವಾರ ಚರ್ಚಿನ ಕಾಯರ್‌ನಲ್ಲಿ, ಶನಿವಾರ ಸ್ನೇಹಿತರ ರಾಕ್ ಬ್ಯಾಂಡಿನಲ್ಲಿ ನುಡಿಸುವುದು ಅಪರೂಪವಲ್ಲ. ಬೀಟಲ್ಸ್‌ ತಂಡದ ಪಾಲ್ ಮೆಕಾರ್ಟ್ನಿಯೂ ಮೊದಲು ಗಿಟಾರಿನವರೇ. 1961ರಲ್ಲಿ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ತಂಡ ಬಿಟ್ಟಾಗ ಆ ಕೆಲಸ ಮೆಕಾರ್ಟ್ನಿ ಪಾಲಿಗೆ ಬಂತು.

ಹೊಸದಾಗಿ ಕಲಿಯುವವರು ಐದು ತಂತಿ, ಸಾಲುಸಾಲು ಪೆಡಲುಗಳ ಆಸೆಯನ್ನು ಸದ್ಯಕ್ಕೆ ಬದಿಗಿಡುವುದು ಒಳ್ಳೆಯದು. ಸಾಧಾರಣ ಬೆಲೆಯ ನಾಲ್ಕು ತಂತಿಯ ಬೇಸ್, ಬಲ್ಲವರ ಕೈಯಲ್ಲಿ ಒಂದು ಸಲ ಸೆಟಪ್, ಒಂದು ಟ್ಯೂನರ್, ಹೆಡ್‌ಫೋನ್, ಹೆಗಲು ಕೊರೆಯದ ಅಗಲ ಪಟ್ಟಿ, ಕಿವಿಗೆ ಇಯರ್ ಪ್ಲಗ್, ಇಷ್ಟು ಸಾಕು. ದೊಡ್ಡ ಆಂಪನ್ನು ಕೊಳ್ಳಲೇಬೇಕೆಂದಿಲ್ಲ. ಡಿಐ ಬಾಕ್ಸ್ ಇದ್ದರೆ ದನಿ ನೇರ ಮಿಕ್ಸರಿಗೆ ಹೋಗುತ್ತದೆ.

ಕೇಳುಗರಿಗೂ ಒಂದು ಮಾತು. ಮೊಬೈಲಿನ ಪುಟ್ಟ ಸ್ಪೀಕರಿಗೆ ಈ ಕೆಳಸ್ವರಗಳನ್ನು ಹೊರಡಿಸುವ ಶಕ್ತಿಯಿಲ್ಲ. ಶಂಕರ್‌ನಾಗ್ ನಿರ್ದೇಶನದ ‘ಗೀತಾ’ (1981) ಚಿತ್ರಕ್ಕೆ ಇಳಯರಾಜ ಕೊಟ್ಟ ಹಾಡುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಎರಡು ಸಲ ಕೇಳಿ. ಎರಡನೇ ಸಲ ಗಾಯಕರ ದನಿಯನ್ನು ಬಿಟ್ಟು, ತಳದಲ್ಲಿ ನಡೆಯುವ ಬೇಸ್ ತಂತಿಯನ್ನಷ್ಟೇ ಹಿಂಬಾಲಿಸಿ.