ಮೊದಲು ಜೀವ ಉಳಿಯಲಿ



ಪ್ರತಿವರ್ಷ ಜೂನ್ 26ರಂದು ನಾವು ಮಾದಕವಸ್ತು ವಿರೋಧಿ ದಿನವನ್ನು ಆಚರಿಸುತ್ತೇವೆ. ಯುವಜನರು ಪ್ರತಿಜ್ಞೆ ಸ್ವೀಕರಿಸುತ್ತಾರೆ, ಮೆರವಣಿಗೆ ನಡೆಯುತ್ತದೆ. ಒಳ್ಳೆಯದೇ. ಆದರೆ ಈಗಾಗಲೇ ಚಟಕ್ಕೆ ಬಿದ್ದವನ ಗತಿಯೇನು? ಅವನು ಅದನ್ನು ಬಿಡುವ ತನಕ ಅವನ ಜೀವಕ್ಕೆ ಹೊಣೆ ಯಾರು? ಈ ಪ್ರಶ್ನೆ ಒಮ್ಮೆ ನಮ್ಮ ಧರ್ಮಸಭೆಯನ್ನೇ ಕಾಡಿತು.

1999ರಲ್ಲಿ ಆಸ್ಟ್ರೇಲಿಯಾದಲ್ಲಿ ಹೆರಾಯಿನ್‌ ಮತ್ತು ಅಂಥ ಮಾದಕಗಳ ಮಿತಿಮೀರಿದ ಸೇವನೆಯಿಂದ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ವರ್ಷ ಮೇ ತಿಂಗಳಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ಈ ಬಗ್ಗೆ ವಿಶೇಷ ಸಮಾವೇಶ ಕರೆಯಿತು. ಅದರ ಫಲವಾಗಿ ಕಾನೂನು ತಿದ್ದುಪಡಿಯಾಗಿ, ಸಿಡ್ನಿಯಲ್ಲಿ ದಾದಿಯರ ಕಣ್ಗಾವಲಿನ ಚುಚ್ಚುಮದ್ದು ಕೇಂದ್ರವೊಂದಕ್ಕೆ ಪ್ರಯೋಗಾರ್ಥ ಅವಕಾಶ ದೊರೆಯಿತು. ಅಲ್ಲಿ ಮಾದಕವಸ್ತುವನ್ನು ಕೊಡುವುದಿಲ್ಲ. ಬಂದವನೇ ತರುತ್ತಾನೆ, ತಾನೇ ಚುಚ್ಚಿಕೊಳ್ಳುತ್ತಾನೆ. ಶುದ್ಧ ಸೂಜಿ ಸಿಗುತ್ತದೆ. ಉಸಿರು ನಿಲ್ಲುವಂತಾದರೆ ಆಮ್ಲಜನಕ, ನಲಾಕ್ಸೋನ್ ಔಷಧಿ ಸಿದ್ಧವಿರುತ್ತವೆ. ಚಿಕಿತ್ಸೆ ಬಯಸಿದವನಿಗೆ ದಾರಿ ತೋರಿಸುತ್ತಾರೆ. ಕೇಂದ್ರದೊಳಗೆ ಅಲ್ಪ ಪ್ರಮಾಣ ಹೊಂದಿದ್ದರೆ ಅದು ಅಪರಾಧವಲ್ಲ.

ಇದನ್ನು ನಡೆಸಲು ಮೊದಲು ಒಪ್ಪಿದವರು ಸಿಸ್ಟರ್ಸ್ ಆಫ್ ಚಾರಿಟಿ ಕನ್ಯಾಸ್ತ್ರೀಯರು. ಆದರೆ 1999ರ ಅಕ್ಟೋಬರ್‌ನಲ್ಲಿ ರೋಮ್‌ನಿಂದ ನಿಷೇಧ ಬಂತು. ಆಗ ವಿಶ್ವಾಸ ಸಿದ್ಧಾಂತ ಸಮಿತಿಯ ಮುಖ್ಯಸ್ಥರಾಗಿದ್ದವರು ಕಾರ್ಡಿನಲ್ ರಾಟ್ಸಿಂಗರ್, ಮುಂದೆ ಜಗದ್ಗುರು 16ನೇ ಬೆನೆಡಿಕ್ಟ್. ಕನ್ಯಾಸ್ತ್ರೀಯರು ವಿಧೇಯರಾಗಿ ಹಿಂದೆ ಸರಿದರು. ಯುನೈಟಿಂಗ್ ಚರ್ಚ್ ಎಂಬ ಪ್ರೊಟೆಸ್ಟೆಂಟ್ ಸಭೆ ಹೊಣೆ ಹೊತ್ತು, 2001ರ ಮೇ ತಿಂಗಳಲ್ಲಿ ಕಿಂಗ್ಸ್ ಕ್ರಾಸ್‌ನಲ್ಲಿ ಕೇಂದ್ರ ತೆರೆಯಿತು. ಅಲ್ಲಿ ಸಾವಿರಾರು ಬಾರಿ ಮಿತಿಮೀರಿದ ಸೇವನೆ ಸಂಭವಿಸಿದೆ, ಒಬ್ಬರೂ ಸತ್ತಿಲ್ಲ. 2010ರಲ್ಲಿ ಕಾನೂನು ಅದನ್ನು ಕಾಯಂಗೊಳಿಸಿತು.

ಕೆಡುಕಿನಲ್ಲಿ ಕೈಜೋಡಿಸಬಾರದೆಂದು ಗುರುಮಠದಲ್ಲಿ ನಾವು ಕಲಿತಿದ್ದೇವೆ. ಚಟಕ್ಕೆ ಜಾಗ ಕೊಟ್ಟರೆ ಚಟವನ್ನೇ ಒಪ್ಪಿದಂತಾಗದೇ ಎಂಬ ಆತಂಕ ಹುರುಳಿಲ್ಲದ್ದಲ್ಲ. ಆದರೂ ಒಂದು ಮಾತನ್ನು ನಾವು ಮರೆಯಲಾಗದು: ಸತ್ತವನು ಚಟ ಬಿಡಲಾರ. ಮನಪರಿವರ್ತನೆಗೆ ಮೊದಲು ಉಸಿರು ಬೇಕು. ಜೆರಿಕೋ ದಾರಿಯಲ್ಲಿ ಬಿದ್ದಿದ್ದವನನ್ನು ಆ ಸಮಾರಿಯದವನು, ಕಳ್ಳರಿರುವ ದಾರಿಗೆ ಯಾಕೆ ಬಂದೆ ಎಂದು ವಿಚಾರಿಸಲಿಲ್ಲ. ಗಾಯ ಕಟ್ಟಿದ, ಛತ್ರಕ್ಕೆ ಸೇರಿಸಿದ, ಮುಂದಿನ ಖರ್ಚನ್ನೂ ಹೊತ್ತ.

ನಮ್ಮ ದೇಶದಲ್ಲಿ ಅಂಥ ಕೇಂದ್ರಗಳಿಲ್ಲ. 1985ರ ಮಾದಕವಸ್ತು ಕಾಯಿದೆಯ 27ನೇ ಕಲಮಿನಂತೆ ಹೆರಾಯಿನ್ ಸೇವಿಸಿದವನಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಆದರೆ ಅದೇ ಕಾಯಿದೆಯ 64ಎ ಕಲಮು ಒಂದು ಬಾಗಿಲು ತೆರೆದಿಟ್ಟಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನಿಗೆ ಮೊಕದ್ದಮೆಯಿಂದ ವಿನಾಯಿತಿ ಉಂಟು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ವಿನಾಯಿತಿ ರದ್ದಾಗಬಹುದು. ಎಷ್ಟೋ ಮನೆಗಳಿಗೆ ಈ ಸಂಗತಿ ತಿಳಿದಿಲ್ಲ. ಪೊಲೀಸರ ಭಯಕ್ಕೆ, ಅದಕ್ಕಿಂತ ಹೆಚ್ಚಾಗಿ ನಮ್ಮ ನಾಲಿಗೆಗಳ ಭಯಕ್ಕೆ, ಹೆತ್ತವರು ಮಗನನ್ನು ಒಳಕೋಣೆಯಲ್ಲಿ ಮುಚ್ಚಿಡುತ್ತಾರೆ.

ಪ್ರಿಯರೇ, ಮಾರುವವನನ್ನು ಕಾನೂನು ವಿಚಾರಿಸಲಿ. ಬಿದ್ದವನನ್ನು ನಾವು ವಿಚಾರಿಸೋಣ. ನೆರೆಮನೆಯಲ್ಲಿ ಅಂಥ ಮಗನಿದ್ದರೆ ಪಿಸುಗುಡದೆ, ತಾಯಿಯ ಜೊತೆ ಆಸ್ಪತ್ರೆಯ ತನಕ ನಡೆದುಹೋಗೋಣ. ಆ ಧೈರ್ಯವನ್ನು ಪ್ರಭು ನಮಗೆ ದಯಪಾಲಿಸಲಿ.