ನಿಮಗಿದು ಗೊತ್ತೆ? – ನೋಟ್‌ಬುಕ್ಕಿನಲ್ಲಿ ಓಡಿದ ಕಾರ್ಖಾನೆ

ಅಮೆರಿಕದ ಕೆಂಟಕಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್‌ನ ಗೃಹೋಪಕರಣ ಕಾರ್ಖಾನೆಗಳದ್ದು ವಿಚಿತ್ರ ಕಥೆ. ಒಮ್ಮೆ ಮೂರು-ನಾಲ್ಕು ಪಾಳಿಯ ದುಡಿತ; ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಕಾರ್ಮಿಕರು ಮನೆಗೆ. ವ್ಯಾಪಾರ ಚಕ್ರದ ಏರಿಳಿತವೇ ಕಾರಣವೆಂಬ ವಿವರಣೆ ಎಂಐಟಿಯ ಪ್ರಾಧ್ಯಾಪಕ ಜೇ ಫಾರೆಸ್ಟರ್‌ಗೆ ಸರಿಯೆನಿಸಲಿಲ್ಲ. 1950ರ ದಶಕದ ಮಾತಿದು. ದಾಸ್ತಾನು, ನೌಕರರು, ಆರ್ಡರು ಎಂದು ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದು, ಕಂಪನಿಯ ನೇಮಕಾತಿ ನಿಯಮಗಳಂತೆಯೇ ಮುಂದಿನ ವಾರ, ಅದರ ಮುಂದಿನ ವಾರ ಎಂದು ಲೆಕ್ಕ ಹಾಕುತ್ತ ಹೋದರು. (ಕಂಪ್ಯೂಟರಿನ ಕೋರ್ ಮೆಮೊರಿ ರೂಪಿಸಿದವರ ಕೈಯಲ್ಲಿ ಬರೀ ಪೆನ್ಸಿಲ್!) ಆರ್ಡರು ಒಂದೇ ಸಮನಿದ್ದರೂ ನೌಕರರ ಸಂಖ್ಯೆ ಏರಿಳಿಯಿತು. ದೋಷ ಮಾರುಕಟ್ಟೆಯದಲ್ಲ, ಕಂಪನಿಯ ಒಳಗಿನ ನಿರ್ಧಾರಗಳದ್ದೇ. ಒಂದು ವ್ಯವಸ್ಥೆಯ ಒಳಗಿನ ನಿಯಮಗಳೇ ಕಾಲಕ್ರಮದಲ್ಲಿ ಅದನ್ನು ಹೇಗೆ ಏರಿಳಿಸುತ್ತವೆಂದು ಲೆಕ್ಕ ಹಾಕಿ ನೋಡುವ ‘ಸಿಸ್ಟಮ್ ಡೈನಮಿಕ್ಸ್’ ವಿಧಾನ ಹುಟ್ಟಿದ್ದು ಹೀಗೆ. ಬೆಳವಣಿಗೆಯ ಮಿತಿಗಳ ಬಗ್ಗೆ 1972ರಲ್ಲಿ ಜಗತ್ತಿನಲ್ಲೆಲ್ಲ ಚರ್ಚೆ ಎಬ್ಬಿಸಿದ ‘ದಿ ಲಿಮಿಟ್ಸ್ ಟು ಗ್ರೋತ್’ ವರದಿಗೂ ಇದೇ ವಿಧಾನ ಆಧಾರ.